ಹಿತ್ತಲಲ್ಲಿ ಕಾಡು, ಎದೆಯಲ್ಲಿ ನಡುಕ

ಹೆದರೋರ ಮೇಲೆ ಕಪ್ಪೆ ಎಸೆದರಂತೆ ಅಂತ ಗಾದೆ ಇದೆಯಲ್ಲ, ನನ್ನ ಮೇಲೆ ಆ ಕಪ್ಪೆ ಬೀಳುವುದು ಇವತ್ತಿಗೂ ನಿಂತಿಲ್ಲ. ಒಂದನ್ನು ಕೊಡವಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಬೀಳುತ್ತದೆ.

ಗುಂಡ್ಲುಪೇಟೆಯಿಂದ ತೆರಕಣಾಂಬಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಹಿಟ್ಟಿನ ಮಿಲ್ಲಿದೆ. ಮುಂದೆ ಮಿಲ್ಲು, ಅದರ ಹಿಂದೆ ಮನೆ, ಮನೆಯ ಹಿಂದೆ ಉದ್ದನೆಯ ಹಿತ್ತಲು, ಹಿತ್ತಲ ಕೊನೆಯಲ್ಲಿ ಬಚ್ಚಲುಮನೆ. ಹಿತ್ತಲಲ್ಲಿ ಎರಡು ಹೊಂಗೆ, ಒಂದು ಬೇವು. ಅವುಗಳ ಕೆಳಗೆ ಬೋಳು ನೆಲ. ಹುಟ್ಟಾ ಪುಕ್ಕಲನಾದ ನನಗೆ ಆ ಬೋಳು ನೆಲ ಬಹಳ ಪ್ರಿಯವಾಗಿತ್ತು. ಏನು ಬಂದರೂ ದೂರದಿಂದಲೇ ಕಾಣುತ್ತಿತ್ತು. ನಮ್ಮ ಕಡೆ ಬರುವುದಕ್ಕೆ ಏನು ಕಮ್ಮಿ? ಬಾಳೆತೋಟದಲ್ಲಿ ಚಿರತೆ ಅಂತೆ, ಜೋಳದ ಹೊಲದಲ್ಲಿ ಹಂದಿ ಅಂತೆ, ರಸ್ತೆ ಮೇಲೆ ಆನೆ ಅಂತೆ. ಮಿಲ್ಲಿಗೆ ಬರುವವರು ರಾಗಿಯ ಜೊತೆ ಇಂಥ ಸುದ್ದಿಯನ್ನೂ ತಂದು ಸುರಿಯುತ್ತಾರೆ. ಅವರು ರಾಗಿ ಬೀಸಿಸಿಕೊಂಡು ಹೋಗುತ್ತಾರೆ, ಸುದ್ದಿ ಮಾತ್ರ ನನ್ನ ಹೊಟ್ಟೆಯೊಳಗೆ ಬೀಸುತ್ತಲೇ ಇರುತ್ತದೆ.

ನನ್ನ ಹೆಂಡತಿ ಕಾಡಂಚಿನ ಊರಿನವಳು. ಅವಳಿಗೆ ಹೆದರಿಕೆ ಅನ್ನುವುದೇ ಗೊತ್ತಿಲ್ಲ. ಒಂದು ದಿನ ಊಟಕ್ಕೆ ಬಡಿಸುತ್ತಾ ಅಂದಳು, "ಮದ್ವೆ ಆಗಿ ಬಂದಾಗಿಂದ ನಿಮ್ಮ ಮಿಲ್ಲಿನ ಬೆಲ್ಟ್ ಸದ್ದು ಬುಟ್ರೆ ಇನ್ನೊಂದು ಕೇಳ್ನಿಲ್ಲ ಕಣ್ರೀ. ನಮ್ಮೂರಲ್ಲಿ ಪೊದೆ ತುಂಬ ಹಕ್ಕಿ ಇದ್ವು. ಈ ಮರದ ಬುಡದಲ್ಲಿ ನಮ್ ಕಡೆ ಗಿಡ ಹಾಕ್ತೀನಿ. ಬರೋವು ಬರ್ಲಿ."

"ಬರೋವು ಅಂದ್ರೆ ಯಾವ್ಯಾವು?" ಎಂದು ಕೇಳಿದೆ. ಅವಳು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಬೇರೆಯವರು ಹಿತ್ತಲಲ್ಲಿ ಗುಲಾಬಿ ಹಾಕುತ್ತಾರೆ. ಇವಳು ಕವಳೆ, ಕಾರೆ, ಲಕ್ಕಿ, ಆಡುಸೋಗೆ, ತಂಗಡಿ, ಈಶ್ವರಿ ಬಳ್ಳಿ ಎಂದು, ಊರವರೆಲ್ಲ ಕಿತ್ತು ಬಿಸಾಡುವುದನ್ನೇ ಹುಡುಕಿ ತಂದು ನೆಟ್ಟಳು. ನನ್ನ ಕಷ್ಟ ಅಲ್ಲಿಂದ ಶುರು.

ಗುಡಿಸದ ಹಿತ್ತಲು

ಗಿಡ ಊರುವುದಕ್ಕೂ ಮೊದಲು ಅವಳು ಗುಡಿಸುವುದನ್ನು ನಿಲ್ಲಿಸಿದಳು. ಉದುರಿದ ಎಲೆ ಅಲ್ಲೇ ಕೊಳೆಯಬೇಕು, ಕೊಳೆತದ್ದರಲ್ಲಿ ಹುಳ ಆಗಬೇಕು, ಹುಳಕ್ಕೆ ಹಕ್ಕಿ ಬರಬೇಕು ಎಂಬುದು ಅವಳ ಲೆಕ್ಕ. ಆದರೆ ನಮ್ಮ ಸೀಮೆಯಲ್ಲಿ ಹೆಂಗಸು ಹಿತ್ತಲು ಗುಡಿಸಲಿಲ್ಲ ಎಂದರೆ ಎರಡೇ ಅರ್ಥ. ಒಂದೋ ಕಾಯಿಲೆ, ಇಲ್ಲವೋ ಗಂಡನ ಜೊತೆ ಜಗಳ. ಮಿಲ್ಲಿಗೆ ಬಂದ ಹೆಂಗಸರು ಹಿಂದಕ್ಕೆ ಹಣಕಿ ನೋಡಿದರು. ಇವಳು ಗುಂಡುಕಲ್ಲಿನ ಹಾಗಿದ್ದಾಳೆ. ಹಾಗಾದರೆ ಉಳಿದದ್ದು ಒಂದೇ ಎಂದು ತೀರ್ಮಾನವಾಯಿತು. ಆ ತೀರ್ಮಾನ ಬಸ್ಸು ಹತ್ತಿ ಅವಳ ತವರಿಗೂ ಹೋಯಿತು.

ಒಂದು ಬೆಳಿಗ್ಗೆ ಅವಳ ಅಣ್ಣ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಮೂರೂ ಜನರದ್ದು ಹುರಿಮೀಸೆ. ಜಗಲಿಯ ಮೇಲೆ ಸಾಲಾಗಿ ಕೂತರು. ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ನೋಡಪ್ಪ," ಎಂದರು ಅವರಲ್ಲಿ ದೊಡ್ಡವರು. "ನಮ್ ಹುಡ್ಗಿ ಮ್ಯಾಲೆ ಕೈ ಮಾಡಿದ್ದು ನಿಜವಾ?"

ನಾನು ಕೂತಲ್ಲೇ ಹಿಂದಕ್ಕೆ ಸರಿದೆ. "ಇ... ಇಲ್ಲ."

"ಇಲ್ದಿದ್ರೆ ಯಾಕ್ ನಡುಗ್ತಿದೀಯೆ?"

"ನಾನು ಯಾವಾಗ್ಲೂ ನಡುಗ್ತೀನಿ."

ಅವರು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಇವಳು ಕಾಫಿ ತಂದಳು. ವಿಷಯ ಕೇಳಿ ತಟ್ಟೆಯನ್ನು ಅಲ್ಲೇ ಇಟ್ಟು ಸೆರಗು ಬಾಯಿಗೆ ಹಿಡಿದು ನಕ್ಕಳು. "ಇವ್ರಾ? ಕೈ ಮಾಡದಾ? ಜಿರಲೆ ಒಡಿಯಕ್ಕೂ ನನ್ನೇ ಕೂಗ್ತಾರೆ ಕಣಣ್ಣ!"

ಮೂರು ಮೀಸೆಗಳೂ ಒಟ್ಟಿಗೆ ಕುಣಿದವು. ನನ್ನ ಜೀವ ಉಳಿಯಿತು, ಮಾನ ಹೋಯಿತು. ಬಸ್ಸಿಗೆ ಹೊರಡುವಾಗ ಆ ದೊಡ್ಡವರು ನನ್ನ ಹೆಗಲ ಮೇಲೆ ಕೈ ಹಾಕಿ, ಪಕ್ಕಕ್ಕೆ ಕರೆದು, ಮೆಲ್ಲಗೆ ಹೇಳಿದರು. "ಅವ್ಳೇನಾರ ನಿನ್ ಮ್ಯಾಲೆ ಕೈ ಮಾಡಿದ್ರೆ ಹೇಳ್ ಕಳ್ಸಪ್ಪ. ಅದ್ಕೂ ಬತ್ತೀವಿ."

ಕಾಲಿಗೆ ಗೆಜ್ಜೆ

ಎರಡು ಮಳೆಗಾಲ ಕಳೆದು ಮೂರನೆಯದು ಹಿಡಿಯಿತು. ಗಿಡಗಳು ಎದೆಯುದ್ದ ಎದ್ದವು. ಬಚ್ಚಲಿಗೆ ಹೋಗುವ ದಾರಿ ಕಾಲುದಾರಿಯಾಯಿತು. ಆ ಕಾಲುದಾರಿಯ ಪಕ್ಕದ ಕಾರೆ ಗಿಡದ ಮೇಲೆ ಒಂದು ದಿನ ಹಾವಿನ ಪೊರೆ ನೇತಾಡುತ್ತಿತ್ತು.

"ಪೊರೆ ಬುಟ್ಟದೆ ಅಂದ್ರೆ ಹಾವು ಹೊಂಟೋಯ್ತು ಅಂತ," ಎಂದಳು ಇವಳು.

ಬಟ್ಟೆ ಬದಲಾಯಿಸಿದವನು ಊರು ಬಿಟ್ಟು ಹೋಗುತ್ತಾನೆಯೇ? ನಾನು ನಂಬಲಿಲ್ಲ. ಅಟ್ಟದ ಮೇಲೆ ನಮ್ಮಪ್ಪನ ಕಾಲದ ಎತ್ತಿನ ಗೆಜ್ಜೆಸರ ಇತ್ತು. ಅದನ್ನು ಬಲಗಾಲಿಗೆ ಕಟ್ಟಿಕೊಂಡು, ಕಾಲನ್ನು ನೆಲಕ್ಕೆ ಅಪ್ಪಳಿಸುತ್ತಾ ಬಚ್ಚಲಿಗೆ ಹೋಗುವ ಪದ್ಧತಿ ಮಾಡಿಕೊಂಡೆ. ಹಾವಿಗೆ ಸದ್ದು ಕೇಳದಿದ್ದರೂ ನೆಲ ಅದುರುವುದು ಗೊತ್ತಾಗುತ್ತದಂತೆ. ನನಗಂತೂ ಆ ಝಲ್ ಝಲ್ ಸದ್ದೇ ದೊಡ್ಡ ಧೈರ್ಯ.

ಒಂದು ದಿನ ಮಿಲ್ಲಿನಲ್ಲಿ ಸರದಿಗೆ ಕೂತಿದ್ದ ಅಜ್ಜಿಯೊಬ್ಬಳು ಕೂಗಿಕೊಂಡಳು. "ನೋಡವ್ವಾ, ನಿಮ್ ಎತ್ತು ಬಿಚ್ಕಂಡು ಹಿತ್ಲಿಗೆ ನುಗ್ಗದೆ!"

ಇವಳು ರಾಗಿ ಸುರಿಯುತ್ತಾ ತಿರುಗಿಯೂ ನೋಡದೆ ಹೇಳಿದಳು. "ಎತ್ತಲ್ಲ ಕಣಜ್ಜಿ, ನಮ್ಮೆಜಮಾನ್ರು. ಸ್ನಾನಕ್ಕೆ ಹೋಗ್ತಾವ್ರೆ."

ರತ್ನಪಕ್ಷಿ

ಒಂದು ನಸುಕಿನಲ್ಲಿ ಪೊದೆಯೊಳಗಿಂದ "ಊಪ್, ಊಪ್, ಊಪ್" ಎಂದು ಯಾರೋ ಮಡಕೆಯೊಳಗೆ ಬಾಯಿಟ್ಟು ಕೂಗಿದ ಹಾಗೆ ಕೇಳಿಸಿತು. ನಾನು ಕಂಬಳಿಯನ್ನು ತಲೆ ಮೇಲೆ ಎಳೆದುಕೊಂಡೆ. ನನಗೆ ಗೊತ್ತಿದ್ದ ದೆವ್ವ ಪಿಶಾಚಿಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಇವಳು ಮಾತ್ರ ಹಾಸಿಗೆಯಿಂದ ಎದ್ದು ಕೂತು, "ಬಂತು! ಕೆಂಬೂತ ಬಂತು ಕಣ್ರೀ!" ಎಂದಳು. ಅವಳ ಗಂಟಲು ಗದ್ಗದವಾಗಿತ್ತು. ನನ್ನದೂ ಆಗಿತ್ತು, ಕಾರಣ ಬೇರೆ.

ಕೆಂಬೂತವನ್ನು ನಮ್ಮ ಕಡೆ ರತ್ನಪಕ್ಷಿ ಅನ್ನುತ್ತಾರೆ. ಬೆಳಿಗ್ಗೆ ಎದ್ದು ಅದರ ಮುಖ ನೋಡಿದರೆ ಹಿಡಿದ ಕೆಲಸ ಆಗುತ್ತದೆ ಎಂದು ನಂಬಿಕೆ. ಸುದ್ದಿ ಬೀದಿಗೆ ಹರಡಿತು. ಎದುರು ಮನೆಯಲ್ಲಿ ಬಾಳೆಮಂಡಿ ಇಟ್ಟಿರುವ ಅಣ್ಣ ಒಬ್ಬರಿದ್ದಾರೆ, ಕೇರಳಕ್ಕೆ ಲೋಡು ಕಳಿಸುವವರು. ಅವರಿಗೆ ಇಂಥದ್ದರಲ್ಲಿ ಬಲು ನಂಬಿಕೆ. ನನಗೆ ಒಂದು ಮಾತೂ ಹೇಳದೆ ಹಿತ್ತಲ ಪಕ್ಕದ ಗೇಟು ತೆಗೆದು ಬರುವ ಅಭ್ಯಾಸ ಮಾಡಿಕೊಂಡರು.

ನನಗೇನು ಗೊತ್ತು? ಇನ್ನೊಂದು ನಸುಕಿನಲ್ಲಿ ಹಿಂಬಾಗಿಲು ತೆಗೆದರೆ, ಲಕ್ಕಿ ಗಿಡದ ಪಕ್ಕ, ತಲೆಯಿಂದ ಕಾಲಿನವರೆಗೆ ಬಿಳಿ ಶಾಲು ಹೊದ್ದ ಆಕೃತಿಯೊಂದು ಅಲುಗಾಡದೆ ನಿಂತಿದೆ. ನನ್ನ ಕೈಲಿದ್ದ ತಂಬಿಗೆ ಕಾಲ ಮೇಲೆ ಬಿತ್ತು. ನಾನು ಕಿರುಚಿದ್ದಕ್ಕೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು, ಪೊದೆಯಿಂದ ಕೆಂಬೂತವೂ ಬುರ್ರೆಂದು ಹಾರಿಹೋಯಿತು. ಆಕೃತಿ ಶಾಲು ಸರಿಸಿತು.

"ಥೂ ನಿನ್ನ!" ಎಂದರು ಮಂಡಿಯಣ್ಣ. "ಲೋಡು ಕಳ್ಸೋ ದಿನ, ರತ್ನಪಕ್ಷಿ ಮುಖ ನೋಡನ ಅಂತ ಬಂದ್ರೆ ನಿನ್ ಮುಖ ನೋಡೋ ಹಂಗಾಯ್ತಲ್ಲಲಾ!"

ಬೋನು

ಇದೆಲ್ಲ ಸಣ್ಣ ಕಪ್ಪೆಗಳು. ದೊಡ್ಡದು ಬಿದ್ದದ್ದು ಆಮೇಲೆ.

ಮಳೆ ನಿಂತ ಒಂದು ಬೆಳಿಗ್ಗೆ ಬಚ್ಚಲ ದಾರಿಯ ಕೆಸರಿನಲ್ಲಿ ಪಂಜದ ಗುರುತು. ಕೂಗುತ್ತಾ ಬೀದಿಗೆ ಓಡಿದೆ. ಮಂಡಿಯಣ್ಣ ಬಂದು ಬಗ್ಗಿ ನೋಡಿ, "ಚಿರತೇನೆ ಕಣ್ಲಾ," ಎಂದುಬಿಟ್ಟರು. ಬಿಸಿಲೇರುವಷ್ಟರಲ್ಲಿ ಮಿಲ್ಲು ಖಾಲಿ. ರಾಗಿ ತರುವ ಹೆಂಗಸರು ರಸ್ತೆಯ ಆಚೆ ಬದಿಯಲ್ಲೇ ನಡೆದು ಹೋದರು.

ಬೀದಿಯವರು ನನ್ನ ಜಗಲಿಯಲ್ಲಿ ಕೂತರು. "ಪೊದೆ ಇದ್ರೆ ತಾನೆ ಚಿರತೆ? ಜೆಸಿಬಿ ತರ್ಸಿ ಎಲ್ಲಾ ಬಳಿದಾಕ್ಬುಡನ," ಎಂದರು ಮಂಡಿಯಣ್ಣ.

ಅರಣ್ಯದ ಗಾರ್ಡು ಬಂದು ಗುರುತು ನೋಡಿದ. "ಮಳೆ ಮಣ್ಣಲ್ಲಿ ಸಣ್ಣ ಕಾಲೂ ಅಗಲ ಕಾಣ್ತದೆ. ಈಗ್ಲೇ ಏನೂ ಹೇಳಕ್ಕಾಗಲ್ಲ. ಬೋನು ಇಡ್ತೀವಿ, ನೋಡನ."

ಒಪ್ಪಂದವಾಯಿತು. ಚಿರತೆ ಎಂದು ಗೊತ್ತಾದರೆ ಜೆಸಿಬಿ. ಅಲ್ಲ ಎಂದಾದರೆ ಪೊದೆ ಉಳಿಯುತ್ತದೆ. "ಮನೆ ಯಜಮಾನ ನೀನು, ಒಪ್ಗೆನಾ?" ಎಂದು ಕೇಳಿದರು. ಕತ್ತು ಉಳುಕುವಷ್ಟು ಜೋರಾಗಿ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಬೋಳು ನೆಲ ವಾಪಸು ಬರುತ್ತದಲ್ಲ! ಇವಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಜಗಳವಾಡಲಿಲ್ಲ. ರಾತ್ರಿ ಬಡಿಸುವಾಗ ಒಂದೇ ಮಾತು ಅಂದಳು. "ಕವಳೆ ಈ ಸಲವೇ ಮೊದ್ಲು ಹಣ್ಣು ಬುಟ್ಟಿರೋದು ಕಣ್ರೀ." ನಾನು ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮಾರನೆಯ ದಿನ ಬೋನು ಬಂತು. ಬಚ್ಚಲ ದಾರಿಯ ಮಧ್ಯದಲ್ಲೇ ಇಟ್ಟರು. ಬೋನಿನ ಹಿಂಭಾಗದ ಸಣ್ಣ ಗೂಡಿನಲ್ಲಿ, ಚಿರತೆಗೆ ಆಸೆ ತೋರಿಸಲು, ಒಂದು ಕೋಳಿ. ಅದರ ಮುಖ ನೋಡಿದರೆ ನನಗಿಂತ ಹೆಚ್ಚು ಹೆದರಿದ ಜೀವ ಲೋಕದಲ್ಲಿ ಅದೊಂದೇ ಅನ್ನಿಸಿತು.

ಸಂಜೆ ಕರೆಂಟು ಹೋಯಿತು. ಮಿಲ್ಲು ನಿಂತಿತು. ಮೈತುಂಬ ಹಿಟ್ಟು, ಕಡಿತ ತಡೆಯಲಾಗುತ್ತಿಲ್ಲ. ಇನ್ನೂ ಬೆಳಕಿದೆಯಲ್ಲ ಎಂದು ಗೆಜ್ಜೆ ಕಟ್ಟಿಕೊಂಡು, ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೊರಟೆ. ಬೋನಿನ ಹತ್ತಿರ ಬಂದೆ. ಕವಳೆ ಪೊದೆಯಲ್ಲಿ ಸರಸರ ಸದ್ದು. ಆಮೇಲೆ ಗುರ್ರ್ ಅಂದ ಹಾಗೆ.

ಜೀವ ಬಾಯಿಗೆ ಬಂತು. ಮನೆ ದೂರ, ಬಚ್ಚಲೂ ದೂರ. ಆ ಹೊತ್ತಿನಲ್ಲಿ ನನ್ನ ಬುದ್ಧಿ ಬಹಳ ಚುರುಕಾಗಿ ಕೆಲಸ ಮಾಡಿತು. ಚಿರತೆ ಹೊರಗೆ ಬರಲಾಗದ ಜಾಗ ಎಂದರೆ ಚಿರತೆ ಒಳಗೆ ಬರಲಾಗದ ಜಾಗವೂ ಹೌದಲ್ಲವೇ? ಯಪ್ಪಾ ಎಂದು ಕಿರುಚಿ ಬೋನಿನೊಳಕ್ಕೆ ನುಗ್ಗಿದೆ. ಹಲಗೆಯ ಮೇಲೆ ಕಾಲು ಬಿತ್ತು. ಬಾಗಿಲು ದಡಾರನೆ ಇಳಿಯಿತು. ಕೋಳಿ ನನ್ನನ್ನು ನೋಡಿ ಕಿರುಚಿತು, ನಾನು ಕೋಳಿಯನ್ನು ನೋಡಿ ಕಿರುಚಿದೆ. ಆಮೇಲೆ ಇಬ್ಬರೂ ಒಂದೊಂದು ಮೂಲೆಗೆ ಸರಿದೆವು.

ಪೊದೆಯಿಂದ ಅದು ಹೊರಗೆ ಬಂತು. ಉದ್ದ ಮೈ, ಕಪ್ಪು ಬಾಲ, ಮೂತಿಗೆ ಮಸಿ ಬಳಿದ ಹಾಗೆ. ಪುನುಗು ಬೆಕ್ಕು. ಹಿಂದೆ ಎರಡು ಮರಿ. ಉದುರಿದ ಕವಳೆ ಹಣ್ಣಿಗೆ ಮರಿಗಳು ಕಿತ್ತಾಡುತ್ತಿದ್ದವು, ತಾಯಿ ಗುರ್ರೆಂದು ಗದರಿಸಿತು. ನನ್ನ ಕಡೆ ಒಮ್ಮೆ ನೋಡಿ, ಲೆಕ್ಕಕ್ಕಿಲ್ಲ ಎಂಬಂತೆ ಹಣ್ಣು ತಿನ್ನುವುದಕ್ಕೆ ತಿರುಗಿತು. ಬೆಲ್ಟಿನ ಸದ್ದಿಲ್ಲದ ಆ ಸಂಜೆಯಲ್ಲಿ ಮರಿಗಳು ಹಣ್ಣು ಕಚ್ಚುವುದೂ ಕೇಳಿಸುತ್ತಿತ್ತು. ಲಕ್ಕಿ ಗಿಡದಲ್ಲಿ ಹಕ್ಕಿಗಳು ಜಾಗಕ್ಕೆ ಜಗಳವಾಡುತ್ತಿದ್ದವು. ಎಲ್ಲೋ ಕೆಂಬೂತ ಕೂಗಿತು. ಇವಳು ಕೇಳಬೇಕೆಂದದ್ದು ಇದನ್ನೇ. ಸರಳು ಹಿಡಿದುಕೊಂಡು ಕೂತಿದ್ದ ನನಗೆ, ಹೆದರಿಕೆಯ ನಡುವೆಯೂ, ಅದು ಬಹಳ ಚೆನ್ನಾಗಿ ಕೇಳಿಸಿತು.

ಮಬ್ಬು ಕವಿಯುವಷ್ಟರಲ್ಲಿ, ಬೋನಿನ ಬಾಗಿಲು ಬಿದ್ದ ಸದ್ದು ಕೇಳಿ, ತಟ್ಟೆ ಬಡಿಯುತ್ತಾ, ಟಾರ್ಚು ಬಿಡುತ್ತಾ ಬೀದಿಯೇ ನುಗ್ಗಿತು. ಬೆಕ್ಕು ಮರಿಗಳ ಸಮೇತ ಮಾಯ. ಮಂಡಿಯಣ್ಣ ಬೋನಿಗೆ ಬೆಳಕು ಬಿಟ್ಟು, ಹಿಟ್ಟು ಮೆತ್ತಿದ ನನ್ನ ಮೈ ನೋಡಿ ಹಿಂದಕ್ಕೆ ಹಾರಿದರು. "ಬಿದ್ದದೆ ಕಣ್ರಲಾ! ಬಿಳೀ ಚಿರತೆ!"

ನಾನು ನಡುಗಿದೆ. ಗೆಜ್ಜೆ ಝಲ್ಲೆಂದಿತು.

"ಗೆಜ್ಜೆ ಕಟ್ಟಿರೋ ಚಿರತೆ ನಮ್ದೇ," ಎಂದಳು ಇವಳು ಹಿಂದಿನಿಂದ.

ಗಾರ್ಡಿಗೆ ಫೋನು ಹೋಯಿತು. ಅವನು ಬರುವವರೆಗೆ ಎಲ್ಲರೂ ಬೋನಿನ ಸುತ್ತ ನಿಂತರು. ಮಂಡಿಯಣ್ಣ ಸರಳಿಗೆ ಮುಖ ತಾಗಿಸಿ ಬಹಳ ಗೌರವದಿಂದ ಕೇಳಿದರು. "ಬೋನೊಳಕ್ಕೆ ನುಗ್ಬೇಕಾದ್ರೆ ಅದು ಅಟ್ಟಿಸ್ಕಂಡೇ ಬಂದಿರ್ಬೇಕು. ಎಷ್ಟುದ್ದ ಇತ್ಲಾ ಚಿರತೆ?"

ಹೂಂ ಅಂದಿದ್ದರೆ ಸಾಕಿತ್ತು. ಚಿರತೆಯ ಬಾಯಿಂದ ತಪ್ಪಿಸಿಕೊಂಡ ಗಂಡಸು ಎಂದು ಸಾಯುವವರೆಗೂ ಹೆಸರು. ಇಲ್ಲ ಅಂದರೆ, ಬೆಕ್ಕಿಗೆ ಹೆದರಿ ಬೋನಿಗೆ ಬಿದ್ದವನು. ಮಿಲ್ಲಿಗೆ ಬರುವ ಮಕ್ಕಳೂ ಬಿಡುವುದಿಲ್ಲ. ಇವಳ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಕವಳೆ ಗಿಡದ ಹತ್ತಿರ, ಯಾರೋ ತುಳಿದ ಕೊಂಬೆಯೊಂದನ್ನು ಎತ್ತಿ ನಿಲ್ಲಿಸುತ್ತಿದ್ದಳು.

"ಬೆಕ್ಕು," ಅಂದೆ.

"ಏನ್?"

"ಪುನುಗು ಬೆಕ್ಕು ಕಣಣ್ಣ. ಮರಿಗಳೂ ಅವೆ. ಚಿರತೆ ಗಿರತೆ ಏನಿಲ್ಲ."

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಗಾರ್ಡು ಬಂದು ಹೊಸ ಗುರುತುಗಳಿಗೆ ಬೆಳಕು ಬಿಟ್ಟು ನೋಡಿ, "ಹೂಂ, ಬೆಕ್ಕೇಯ," ಎಂದ. ಮಂಡಿಯಣ್ಣ ಜೆಸಿಬಿಯವನಿಗೆ ಫೋನು ಮಾಡಿ ಬೇಡ ಎಂದರು. ಗಾರ್ಡು ಬೋನಿನ ಬಾಗಿಲಿಗೆ ಕೈ ಹಾಕಿದವನು ಹಾಗೇ ನಿಂತು, ಮುಖ ಗಂಭೀರ ಮಾಡಿಕೊಂಡು ಇವಳನ್ನು ಕೇಳಿದ.

"ಅಕ್ಕ, ಬೋನಿಗೆ ಬಿದ್ದಿದ್ದನ್ನ ಸುಮ್ನೆ ಬುಡಂಗಿಲ್ಲ. ಕಾಡಿಗೆ ತಕಂಡೋಗಿ ಬುಡ್ಬೇಕು. ಏನ್ ಮಾಡನ?"

ಇವಳು ನನ್ನ ಮುಖಕ್ಕೆ ಟಾರ್ಚು ಬಿಟ್ಟು, ಪಂಜದ ಗುರುತು ಕಂಡ ಮೇಲೆ ಮೊದಲ ಸಲ ನಕ್ಕಳು.

"ಬರೋವು ಬರ್ಲಿ ಅಂತ ತಾನೆ ಗಿಡ ಹಾಕಿದ್ದು? ಇದೂ ಒಂದು ಬಂದದೆ. ಇಲ್ಲೇ ಬುಡಪ್ಪ."