ನೊವಾಕ್ ಸಾನ್ ಮತ್ತು ನನ್ನ ಚಾಪ್‌ಸ್ಟಿಕ್

ಚಾಪ್‌ಸ್ಟಿಕ್ ಹಿಡಿಯಲು ಬಾರದೆ ಜಪಾನಿನಲ್ಲಿ ಮೂರು ವರ್ಷ ಬದುಕಿದವನು ನಾಚಿಕೆ ಬಿಟ್ಟವನೇ ಆಗಿರಬೇಕು. ನಾನು ಬಿಟ್ಟಿದ್ದೆ. ವಾಕೋದ ನಮ್ಮ ಸಂಶೋಧನಾ ಸಂಸ್ಥೆಯ ಕ್ಯಾಂಟೀನಿನ ಹೆಂಗಸು ನನ್ನನ್ನು ಕಂಡೊಡನೆ ಕೇಳದೆಯೇ ಚಮಚ ಎತ್ತಿ ಕೊಡುತ್ತಿದ್ದಳು. ಮನೆಯಲ್ಲಿ ಹೆಂಡತಿ ಸುಧಾ, "ರೀ, ಪಕ್ಕದ್ಮನೆ ಮಗು ನೂಡಲ್ಸ್ ತಿನ್ನತ್ತೆ, ನಿಮಗೇನ್ರೀ ಪ್ರಾಬ್ಲಮ್ಮು?" ಎಂದು ಮಾನ ಕಳೆಯುತ್ತಿದ್ದಳು. ಹೆಸರಿನ ವಿಷಯದಲ್ಲೂ ನನ್ನದು ಇಂಥದೇ ಪಾಡು. ನಮಗೆಲ್ಲಿಯ ಸರ್‌ನೇಮು? ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ ಬಿಡಬಾರದೆಂದು ಅಪ್ಪನ ಹೆಸರು ತುಂಬಿದ್ದೆ. ಜಪಾನಿನ ಆಫೀಸಿನಲ್ಲಿ ಕರೆಯುವುದೇ ಸರ್‌ನೇಮಿನಿಂದ, ಅದಕ್ಕೆ ಗೌರವದ "ಸಾನ್" ಸೇರಿಸಿ. ಹೀಗಾಗಿ ಜೀವಮಾನದಲ್ಲಿ ಮೈಸೂರು ದಾಟದೆ ತೀರಿಹೋಗಿದ್ದ ನಮ್ಮಪ್ಪ, ದಿನಾ ಬೆಳಿಗ್ಗೆ "ತಮ್ಮಯ್ಯ ಸಾನ್" ಆಗಿ ವಾಕೋದಲ್ಲಿ ಕೆಲಸಕ್ಕೆ ಹಾಜರಾಗುತ್ತಿದ್ದರು.

ನನ್ನ ಪಕ್ಕದ ಮೇಜಿನ ಪೋಲೆಂಡಿನ ಗೆಳೆಯನಿಗೆ ಸರ್‌ನೇಮಿಗೇನೂ ಬರವಿರಲಿಲ್ಲ. ಅವನು ನೊವಾಕ್. "ಹೊಸಬ ಅಂತ ಅರ್ಥ. ಊರಿಗೆ ಹೊಸದಾಗಿ ಬಂದವನೂ ನೊವಾಕ್, ಕಾಡು ಕಡಿದು ಹೊಸ ಹೊಲ ಮಾಡಿದವನೂ ನೊವಾಕ್. ನಮ್ಮೂರಲ್ಲಿ ಪಾದ್ರಿ, ಕಟುಕ, ಕಳ್ಳ, ಅವನನ್ನ ಹಿಡಿಯೋ ಪೊಲೀಸ್, ಎಲ್ಲಾ ನೊವಾಕೇ. ಎಷ್ಟೋ ತಲೆಮಾರಾಯ್ತು, ನಾವಿನ್ನೂ ಹೊಸಬರು" ಎನ್ನುತ್ತಿದ್ದ. ನಮ್ಮ ಸಂಸ್ಥೆಯಲ್ಲೇ ಇನ್ನೊಬ್ಬ ನೊವಾಕ್ ಇದ್ದರು. ಮೇಲಿನ ಮಹಡಿಯಲ್ಲಿ ಒಬ್ಬರೇ ಕೂತು ಕೆಲಸ ಮಾಡುವ ವಯಸ್ಸಾದವರು. ಅವರೂ ಪೋಲೆಂಡಿನವರೇ, ಆದರೆ ಇಬ್ಬರಿಗೂ ಸಂಬಂಧವಿರಲಿಲ್ಲ. ಟಪಾಲು ಅದಲುಬದಲಾದಾಗ ಮಾತ್ರ ಭೇಟಿಯಾಗುತ್ತಿದ್ದರು.

ಎರಡು ಸಾವಿರದ ಇಸವಿ ಬರುತ್ತಲೇ ಕಂಪ್ಯೂಟರುಗಳೆಲ್ಲ ಸಾಯುತ್ತವೆಂದು ನಾವು ಕಾದು ಕೂತಿದ್ದ ದಿನಗಳವು. ಅವು ಗಟ್ಟಿಯಾಗಿಯೇ ಇದ್ದವು. ಹೊಸ ವರ್ಷದ ರಜೆಯಲ್ಲಿ ಆಫೀಸಿನಿಂದ ಫೋನ್ ಬಂತು: "ಸುಮಿಮಾಸೆನ್, ಕ್ಷಮಿಸಿ, ನೊವಾಕ್ ಸಾನ್ ತೀರಿಹೋದರು." ನಾನು ಚಪ್ಪಲಿಯಲ್ಲೇ ಗೆಳೆಯನ ಮನೆಗೆ ಓಡಿದೆ. ಬಾಯಲ್ಲಿ ಟೂತ್‌ಬ್ರಷ್ ಇಟ್ಟುಕೊಂಡು ಅವನೇ ಬಾಗಿಲು ತೆಗೆದ. ನಾನು ಅವನನ್ನು ತಬ್ಬಿಕೊಂಡು, "ಸದ್ಯ, ಹೋದವರು ಆ ಇನ್ನೊಬ್ಬರು" ಎಂದು ನಕ್ಕೆ. ಅವನು ನಗಲಿಲ್ಲ.

"ಅವರಿಗೋಸ್ಕರ ಹೀಗೆ ಓಡಿಬರೋರು ಯಾರಿದ್ದಾರೆ?" ಎಂದ.

ಯಾರೂ ಇರಲಿಲ್ಲ. ಪೋಲೆಂಡಿನಲ್ಲೂ ಯಾರೂ ಸಿಗಲಿಲ್ಲವಂತೆ. ಕೊನೆಗೆ ನಾವಿಬ್ಬರೇ ಚಿತಾಗಾರಕ್ಕೆ ಹೋದೆವು. ಜಪಾನೀ ಸಹೋದ್ಯೋಗಿಗಳು ಬಂದು, ತಲೆಬಾಗಿ, ಬಾಗಿಲಾಚೆ ನಿಂತರು. ಒಳಗಿನದು ಮನೆಯವರ ಕೆಲಸ ಎಂದು ಅವರ ಸಂಕೋಚ. ನಮ್ಮಲ್ಲಿ ಅಸ್ಥಿಯನ್ನು ಕೈಯಿಂದ ಆರಿಸುತ್ತೇವೆ. ಅಲ್ಲಿ ಚಾಪ್‌ಸ್ಟಿಕ್‌ನಿಂದ. ಒಂದು ಮೂಳೆಯನ್ನು ಇಬ್ಬರು ಒಟ್ಟಿಗೆ ಹಿಡಿದೆತ್ತಿ, ಪಾದದಿಂದ ಶುರುಮಾಡಿ ತಲೆಯವರೆಗೆ, ಕುಡಿಕೆಗೆ ಹಾಕಬೇಕು.

ಬಿಳಿ ಕೈಗವಸಿನ ಸಿಬ್ಬಂದಿ ಹೆಸರು ಕೇಳಿದ. "ನೊವಾಕ್" ಎಂದ ಗೆಳೆಯ. ಆತ ಮನೆಯವರಿಗೆ ಬಾಗುವಷ್ಟು ಆಳವಾಗಿ ಬಾಗಿ ಅವನಿಗೊಂದು ಜೊತೆ ಕಡ್ಡಿ ಕೊಟ್ಟು, ನನ್ನತ್ತ ತಿರುಗಿದ. ನಾನು ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದೆ.

"ಇವರೂ ನೊವಾಕ್" ಎಂದ ಗೆಳೆಯ.

ಸಿಬ್ಬಂದಿ ನನ್ನ ಕಪ್ಪು ಮುಖವನ್ನು ನೋಡಿ, ನನಗೂ ಅಷ್ಟೇ ಆಳವಾಗಿ ಬಾಗಿದ. ಕಡ್ಡಿಗಳು ನನ್ನ ಕೈಗೆ ಬಂದವು. ನನಗೆ ಭಯವಾಯಿತು. ಕೈ ಜಾರಿದರೆ, ಯಾರೂ ಇಲ್ಲದ ಆ ಮುದುಕ ಕೊನೆಗೆ ನೆಲದ ಪಾಲಾಗುತ್ತಿದ್ದರು. ದಿನಾ ನನ್ನ ಜೊತೆ ಡ್ಯೂಟಿಗೆ ಬರುವ ಅಪ್ಪನನ್ನು ನೆನೆದೆ: ಇವತ್ತೊಂದು ದಿನ ಸ್ವಲ್ಪ ಕೈ ಹಿಡ್ಕೊಳಿ ಎಂದು. ಮೂಳೆ ಬಿಸ್ಕತ್ತಿನಷ್ಟು ಹಗುರವಾಗಿತ್ತು. ಪಾದದಿಂದ ತಲೆಯವರೆಗೆ ಒಂದು ಚೂರೂ ಬೀಳಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿ ಸುಧಾಳಿಗೆ ಎಲ್ಲ ಹೇಳಿದೆ. ಅವಳು ಅಳುತ್ತ ಅನ್ನ ಬಡಿಸಿದಳು. ರಜೆ ಮುಗಿದ ಮೇಲೆ ಕ್ಯಾಂಟೀನಿನ ಹೆಂಗಸು ಎಂದಿನಂತೆ ನಗುತ್ತ ಚಮಚ ಚಾಚಿದಳು. ಪಕ್ಕದಲ್ಲಿದ್ದ ಗೆಳೆಯ ನನ್ನ ಮುಖ ನೋಡಿದ. ನಾನು ತಲೆತಗ್ಗಿಸಿ, "ಅರಿಗಾತೋ" ಎಂದು ಥ್ಯಾಂಕ್ಸ್ ಹೇಳಿ ಚಮಚ ತೆಗೆದುಕೊಂಡೆ.

ಈಗ ನನಗೆ ಚಾಪ್‌ಸ್ಟಿಕ್ ಹಿಡಿಯಲು ಚೆನ್ನಾಗಿಯೇ ಬರುತ್ತದೆ. ಊಟಕ್ಕೆ ಮಾತ್ರ ಚಮಚವೇ ಬೇಕು.