ಬೀಗದ ಕೈ

ಎದುರಿನ ಅಂಗಡಿಯವನು ಹೊಸ ಬೋರ್ಡು ಹಾಕಿಸದೆ ಇದ್ದಿದ್ದರೆ ಬೀಗದಣ್ಣನಿಗೆ ಆ ದಿನ ಏನೂ ಆಗುತ್ತಿರಲಿಲ್ಲ.

ಬೀಗದಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಬೀಗ ಮಾರುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು, ಕಳೆದುಹೋದ ಕೀಲಿಕೈಗೆ ಬದಲಿಯನ್ನು ಅರದಿಂದ ಉಜ್ಜಿ ಕೊಡುವುದು ಅವನ ಕಸುಬು. ರಸ್ತೆಯಾಚೆ, ಮೂಗಿನ ನೇರಕ್ಕೆ, ಅದೇ ಕಸುಬಿನ ಇನ್ನೊಂದು ಅಂಗಡಿ. ಅದರ ಮಾಲೀಕನ ಹೆಸರನ್ನು ಬೀಗದಣ್ಣ ಬಾಯಲ್ಲಿ ಎತ್ತುತ್ತಿರಲಿಲ್ಲ. 'ಎದುರಿನವನು' ಎಂದರೆ ಮುಗಿಯಿತು. ಎದುರಿನವನು ಕೀಲಿ ಕೊರೆಯುವ ಯಂತ್ರ ತಂದಾಗ ಬೀಗದಣ್ಣನಿಗೆ ಎಷ್ಟೋ ದಿನ ಅನ್ನ ಸೇರಲಿಲ್ಲ. ಆಮೇಲೆ ಛಲ ತೊಟ್ಟು ತಾನೇ ಒಂದು ಬೀಗ ಮಾಡಿದ. ಬಾಗಿಲು ಮುಚ್ಚಿದೊಡನೆ ತಾನಾಗಿ ಬೀಳುವ ಬೀಗ. ಅದನ್ನು ತನ್ನ ಅಂಗಡಿಯ ಬಾಗಿಲಿಗೇ ಕೂರಿಸಿ ಮೇಲೆ ಬರೆಸಿದ: 'ಕೀಲಿಕೈ ಇಲ್ಲದೆ ಈ ಬೀಗ ತೆಗೆಯಬಲ್ಲವರು ಈ ಬೀದಿಯಲ್ಲಿಲ್ಲ.'

ಅದಕ್ಕೆ ಇದ್ದದ್ದು ಎರಡೇ ಕೀಲಿಕೈ. ತೀರಿಹೋದ ಹೆಂಡತಿ ಹೆಣೆದಿಟ್ಟಿದ್ದ ನೀಲಿ ದಾರವನ್ನು ತುಂಡು ಮಾಡಿ ಎರಡಕ್ಕೂ ಕಟ್ಟಿದ್ದ. ಒಂದು ತನ್ನ ಬಳಿ, ಇನ್ನೊಂದು ಮಗಳ ಬಳಿ.

ಆ ದಿನ ಹೆಣ್ಣುಮಕ್ಕಳ ಹೊಸ ಹಾಸ್ಟೆಲಿನ ಮೇಡಂ ಬರುವವರಿದ್ದರು. ಅಲ್ಲಿನ ಕೋಣೆಗಳಿಗೆಲ್ಲ ಬೀಗ ಬೇಕಾಗಿತ್ತು. ಎರಡೂ ಅಂಗಡಿ ನೋಡಿ ಒಬ್ಬರಿಗೆ ಕೊಡುತ್ತೇನೆ ಎಂದಿದ್ದರು. ಆ ಕೆಲಸ ಸಿಕ್ಕರೆ ತಾನೂ ಒಂದು ಯಂತ್ರ ತರಬಹುದು ಎಂಬುದು ಬೀಗದಣ್ಣನ ಆಸೆ. ಅವನ ಕಣ್ಣು ಮಂಜಾಗಿತ್ತು, ಅರ ಹಿಡಿದ ಕೈ ನಡುಗುತ್ತಿತ್ತು. ಮಧ್ಯಾಹ್ನ ಅವನು ಮನೆಗೆ ಹೋಗಿ ಮಲಗಿದ ಹೊತ್ತಿನಲ್ಲಿ ಮಗಳು ಉಜ್ಜಿಡುತ್ತಿದ್ದ ಕೀಲಿಗಳಿಂದಲೇ ಅಂಗಡಿ ನಡೆಯುತ್ತಿತ್ತು. ಅವು ಎಷ್ಟು ನಯವಾಗಿರುತ್ತಿದ್ದವೆಂದರೆ, "ನೋಡಿ, ಇದು ನನ್ನ ಮಗಳ ಕೈಕೆಲಸ. ಯಾವ ಯಂತ್ರಕ್ಕೆ ಬರುತ್ತೆ ಈ ನಯ?" ಎಂದು ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದ.

ಬೆಳಿಗ್ಗೆ ದೇವರಿಗೆ ಕೈಮುಗಿದು ಬಾಗಿಲು ಬೀಳದಂತೆ ಬೆಂಚನ್ನು ಅಡ್ಡ ಇಡುವ ಮೊದಲು ಅವನು ಹೊರಗೆ ನೋಡಿದ. ಎದುರಿನವನು ಏಣಿ ಹತ್ತಿ ಬೋರ್ಡು ನೇತುಹಾಕುತ್ತಿದ್ದ. ಬಿಸಿಲಿಗೆ ಅಕ್ಷರ ಕಾಣಲಿಲ್ಲ. ಬೀಗದಣ್ಣ ಮೆಟ್ಟಿಲಿಳಿದು ರಸ್ತೆಗೆ ಬಂದು ಕಣ್ಣು ಕಿರಿದು ಮಾಡಿ ಓದಿದ: 'ಇಲ್ಲಿ ಯಾವ ಬೀಗವನ್ನಾದರೂ ತೆಗೆಯಲಾಗುವುದು. ಎದುರಿನದನ್ನೂ.'

ಅದೇ ಹೊತ್ತಿಗೆ ಬೆನ್ನ ಹಿಂದೆ ಗಾಳಿಗೆ ಬಾಗಿಲು ಬಿತ್ತು. ಬೀಗ ಟಕ್ಕೆಂದಿತು. ಕೀಲಿಕೈ ಒಳಗೆ ಮೇಜಿನ ಮೇಲಿತ್ತು.

ಬೀಗದಣ್ಣ ಬಾಗಿಲ ಮುಂದೆ ಶಿಕ್ಷೆಗೆ ನಿಲ್ಲಿಸಿದ ಶಾಲೆ ಹುಡುಗನಂತೆ ನಿಂತ. ಪಕ್ಕದ ದರ್ಜಿ ಹೊಲಿಗೆ ನಿಲ್ಲಿಸಿ ಇಣುಕಿದ.

"ಏನಣ್ಣಾ, ಹೊರಗೇ ನಿಂತ್ಬಿಟ್ಟೆ?"

"ಗಾಳಿ ತಗೊಳ್ತಾ ಇದೀನಿ."

"ಬಾಗಿಲಿಗೆ ಮುಖ ಕೊಟ್ಕೊಂಡಾ?"

ಪತ್ರಿಕೆ ಅಂಗಡಿಯ ಅಕ್ಕನಿಗೆ ಬೀದಿಯ ಸುದ್ದಿ ಪತ್ರಿಕೆಗಿಂತ ಮೊದಲು ಸಿಗುತ್ತಿತ್ತು. "ಕೀಲಿ ಒಳಗೆ ಬಿಟ್ಟಿದಾನೆ ಕಣೋ, ಅಷ್ಟೂ ಗೊತ್ತಾಗಲ್ವಾ," ಎಂದು ಬೀದಿಗೆಲ್ಲ ಕೇಳುವ ಹಾಗೆ ಪಿಸುಗುಟ್ಟಿದಳು.

"ಅಕ್ಕಾ, ಸ್ವಲ್ಪ ಮೆಲ್ಲಗೆ. ಎದುರಿನವನಿಗೆ ಕೇಳ್ಸುತ್ತೆ."

"ಅವನು ಏಣಿ ಮೇಲೆ ಕೂತು ನೋಡ್ತಾನೇ ಇದಾನಪ್ಪ."

ಅಕ್ಕ ತಲೆಯ ಪಿನ್ನು ಕೊಟ್ಟಳು. ಅದು ಡೊಂಕಾಯಿತು. ದರ್ಜಿ ದಪ್ಪ ಸೂಜಿ ಕೊಟ್ಟ. ಅದು ಮುರಿಯಿತು. ಹೊಲಿಗೆ ಯಂತ್ರದ ಎಣ್ಣೆಯನ್ನು ಅವನೇ ಬೀಗಕ್ಕೆ ಧಾರಾಳವಾಗಿ ಸುರಿದ ಮೇಲೆ ಬೀದಿಯಲ್ಲಿ ಹೆಕ್ಕಿದ ತಂತಿಯೂ ಮೀನಿನಂತೆ ಜಾರತೊಡಗಿತು. ಬೀಗದಣ್ಣ ಮಂಡಿಯೂರಿ ಊದಿದ, ತಟ್ಟಿದ, ಕೊನೆಗೆ ಹಟಮಾರಿ ಮಗುವನ್ನು ರಮಿಸುವಂತೆ ಮೆಲುದನಿಯಲ್ಲಿ ಮಾತಾಡಿಸಿದ.

"ಎದುರಿನವರನ್ನ ಕರೀಲಾ?" ಎಂದ ದರ್ಜಿ.

"ಕರೆದು ನೋಡು, ನಿನ್ನ ಬಾಯಿಗೇ ಬೀಗ ಹಾಕ್ತೀನಿ."

ಅಷ್ಟರಲ್ಲಿ ಮಗಳು ಬಂದಳು. ಬೀಗದಣ್ಣನಿಗೆ ಹೋದ ಜೀವ ಬಂದಂತಾಯಿತು.

"ಬಾರಮ್ಮ, ನಿನ್ನ ಕೀಲಿ ಕೊಡು."

"ಅದು... ಮನೇಲಿಲ್ಲ ಅಪ್ಪ."

"ಮನೇಲಿ ಇಲ್ದೆ ಇನ್ನೆಲ್ಲಿದೆ?"

"ಎಲ್ಲೋ ಭದ್ರವಾಗಿದೆ," ಎಂದು ಅವಳು ರಸ್ತೆಯಾಚೆ ನೋಡಿದಳು.

ಮುಂದೆ ಕೇಳುವಷ್ಟರಲ್ಲಿ ಹಾಸ್ಟೆಲಿನ ಮೇಡಂ ಬಂದೇಬಿಟ್ಟರು. ಮಂಡಿಯೂರಿದ ಮನುಷ್ಯ, ಕೈಯಲ್ಲಿ ತಂತಿ, ಮೂಗಿನ ಮೇಲೆ ಎಣ್ಣೆ. ಅವರು ಕನ್ನಡಕ ಸರಿಮಾಡಿಕೊಂಡು, "ಏನ್ರೀ, ನಿಮ್ಮ ಅಂಗಡಿಗೆ ನೀವೇ ಕನ್ನ ಹಾಕ್ತಿದೀರಾ?" ಎಂದರು.

ಇಂಥ ಹೊತ್ತಿನಲ್ಲಿ ದೇವರು ಕೆಲವರಿಗೆ ಬುದ್ಧಿ ಕೊಡುತ್ತಾನೆ. ಬೀಗದಣ್ಣ ನೆಟ್ಟಗೆ ನಿಂತ. "ಪರೀಕ್ಷೆ ಮಾಡ್ತಿದೀನಿ ಮೇಡಂ. ಬೆಳಿಗ್ಗೆಯಿಂದ ಪ್ರಯತ್ನಪಟ್ಟೆ. ಮಾಡಿದ ನನ್ನ ಕೈಲೇ ತೆಗೆಯೋಕಾಗ್ತಿಲ್ಲ. ಇನ್ನು ಕಳ್ಳನ ಕೈಲಿ ಆಗುತ್ತಾ?"

ದರ್ಜಿ ಬಾಯಿ ತೆರೆದ. ಅಕ್ಕ ಅವನ ಕಾಲು ತುಳಿದಳು.

ಮೇಡಂ ತಲೆದೂಗಿದರು. "ಒಳ್ಳೇ ಮಾತು. ಆದರೆ ಎದುರಿನವರು ಯಾವ ಬೀಗನಾದ್ರೂ ತೆಗೀತಾರಂತಲ್ಲ. ಅವರೂ ನೋಡಲಿ."

ಎದುರಿನವನು ಅದನ್ನೇ ಕಾಯುತ್ತಿದ್ದವನಂತೆ ತನ್ನ ಅಂಗಡಿಗೆ ಬೀಗ ಜಡಿದು, ಮಗನ ಕೈಲಿ ಹತಾರಗಳ ಪೆಟ್ಟಿಗೆ ಹೊರಿಸಿಕೊಂಡು ಬಂದ. ಕುಳಿತ. ತಿರುವಿದ. ಕಿವಿಗೊಟ್ಟ. ಬೆವರಿದ. ಬಿಸಿಲು ಏರಿದರೂ ಬೀಗ ಜಪ್ಪಯ್ಯ ಎನ್ನಲಿಲ್ಲ. ಬೀಗದಣ್ಣ ಪಕ್ಕದಲ್ಲಿ ಕೈಕಟ್ಟಿ ನಿಂತು, "ನೀರು ಗೀರು ಬೇಕಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದ. ಮೇಡಂ ಆಗಲೇ ಕೈಚೀಲದಿಂದ ಪೆನ್ನು ತೆಗೆಯುತ್ತಿದ್ದರು. ಬೀಗದಣ್ಣನಿಗೆ ತನ್ನ ಯಂತ್ರದ ಸದ್ದು ಕಿವಿಯಲ್ಲಿ ಕೇಳಿಸತೊಡಗಿತು.

ಆಗ ಮಗಳು ಅಪ್ಪನ ಮೂಗಿನ ಮೇಲಿನ ಎಣ್ಣೆ ನೋಡಿ ಕರಗಿದಳೋ ಏನೋ, ಎದುರಿನವನ ಮಗನಿಗೆ ಕಣ್ಣಲ್ಲೇ ಏನೋ ಹೇಳಿದಳು. ಅವನು, "ಸರಿ ಅಪ್ಪ, ನಾನೊಂದ್ಸಲ ನೋಡ್ತೀನಿ," ಎಂದು ಬೀಗಕ್ಕೆ ಬೆನ್ನು ಅಡ್ಡ ಮಾಡಿ ಬಗ್ಗಿದ. ಟಕ್. ಬಾಗಿಲು ತೆರೆಯಿತು.

ಬೀದಿಯವರು ಚಪ್ಪಾಳೆ ತಟ್ಟಿದರು. ಎದುರಿನವನು ಮಳೆಗೆ ನೆನೆದ ಮರದ ಬಾಗಿಲಿನಂತೆ ಉಬ್ಬಿದ. "ನೋಡಿದ್ರಾ ಮೇಡಂ, ನನ್ನ ಮಗ."

ಬೀಗದಣ್ಣ ನೋಡಿದ್ದು ಹುಡುಗನ ಮುಷ್ಟಿಯಿಂದ ಇಣುಕುತ್ತಿದ್ದ ನೀಲಿ ದಾರವನ್ನು. "ಮೋಸ," ಎಂದು ಕೂಗಿದ. "ತಂತಿಯಲ್ಲಿ ತೆಗೆದಿಲ್ಲ ಮೇಡಂ. ಅದು ನನ್ನದೇ ಕೀಲಿಕೈ. ನನ್ನ ಬೀಗ ಸೋತಿಲ್ಲ."

"ಹೌದಾ?" ಎಂದರು ಮೇಡಂ. "ನಿಮ್ಮ ಕೀಲಿಕೈ ಈ ಹುಡುಗನ ಜೇಬಿಗೆ ಹೇಗೆ ಬಂತು?"

ಬೀಗದಣ್ಣ ಮಗಳ ಕಡೆ ತಿರುಗಿದ. ಅವಳ ಮುಖ ಕೆಂಪಾಗಿತ್ತು. ಹೇಳಬಾರದಿತ್ತು ಎಂದು ಅವನಿಗೆ ಅನಿಸುವ ಹೊತ್ತಿಗೆ ಬೀದಿಗೆಲ್ಲ ಅರ್ಥವಾಗಿತ್ತು.

ಎದುರಿನವನು ಹೊಟ್ಟೆ ಹಿಡಿದು ನಕ್ಕ. "ಮೊದಲು ಮನೆಯೊಳಗೆ ಬೀಗ ಹಾಕ್ಕೊಳ್ಳಿ ಸ್ವಾಮಿ. ಬನ್ನಿ ಮೇಡಂ, ನಮ್ಮ ಅಂಗಡಿ ನೋಡಿ."

"ನಾನು ತೆಗೀತೀನಿ ಮಾವ," ಎಂದು ಹುಡುಗಿ ಮುಂದೆ ಹೋಗಿ, ತನ್ನ ಚೀಲದಿಂದ ಕೀಲಿಕೈ ತೆಗೆದು, ಎದುರಿನ ಬಾಗಿಲನ್ನು ಸಲೀಸಾಗಿ ತೆರೆದಳು. ಎದುರಿನವನ ನಗು ಅರ್ಧದಲ್ಲೇ ನಿಂತಿತು.

"ಇದೇನಮ್ಮ ಇದು?" ಎಂದ ಬೀಗದಣ್ಣ.

"ಮಧ್ಯಾಹ್ನ ನೀವಿಬ್ರೂ ಮಲಗಿರ್ತೀರಲ್ಲ ಅಪ್ಪ. ನಾನು ಬಂದು ಇಲ್ಲಿ ಯಂತ್ರದಲ್ಲಿ ಕೀಲಿ ಕೊರ್ಕೊಳ್ತೀನಿ. ಹಳೇ ಬೀಗದ ಸ್ಪ್ರಿಂಗು ಬೇಕಾದ್ರೆ ಇವರು ನಮ್ಮಲ್ಲಿ ತಗೊಳ್ತಾರೆ," ಎಂದು ಹುಡುಗನ ಕಡೆ ಕೈ ತೋರಿಸಿದಳು.

"ಹಾಗಾದ್ರೆ ಆ ಕೈಕೆಲಸ?"

"ಗುಂಡಿ ಒತ್ತೋದು ಕೈಯಲ್ಲೇ ಅಲ್ವಾ ಅಪ್ಪ."

ಮೇಡಂ ಪೆನ್ನನ್ನು ಚೀಲಕ್ಕೆ ಹಾಕಿಕೊಂಡರು. "ನೀವಿಬ್ಬರೂ ಒಳ್ಳೆಯವರು. ಬೀಗಗಳೂ ಗಟ್ಟಿಯೇ ಇರಬಹುದು. ಆದರೆ ತಮ್ಮ ಕೀಲಿ ಯಾರ ಹತ್ರ ಇದೆ ಅಂತ ಗೊತ್ತಿಲ್ಲದವರಿಗೆ ಹೆಣ್ಣುಮಕ್ಕಳ ಹಾಸ್ಟೆಲ್ ಹೇಗೆ ಒಪ್ಪಿಸಲಿ?" ಎಂದು ಹೇಳಿ, ಪಕ್ಕದ ಬೀದಿಯ ಅಂಗಡಿಗೆ ದಾರಿ ಕೇಳಿಕೊಂಡು ಹೋದರು.

ಪತ್ರಿಕೆ ಅಕ್ಕ ಕೊನೆಯ ಸುದ್ದಿ ಸಾರಿದಳು: "ಬೀಗದ ಕೈ ಬೀಗರ ಕೈಗೆ ಹೋಯ್ತು ಕಣ್ರಪ್ಪ."

ಹುಡುಗ ನೀಲಿ ದಾರದ ಕೀಲಿಯನ್ನು ವಿನಯದಿಂದ ಬೀಗದಣ್ಣನ ಕೈಗಿತ್ತ. ಟೀ ತರುತ್ತೇವೆಂದು ಮಕ್ಕಳಿಬ್ಬರೂ ಜಾಗ ಖಾಲಿ ಮಾಡಿದರು. ಬೀಗದಣ್ಣ ಆ ದಾರವನ್ನು ಬೆರಳಿಗೆ ಸುತ್ತಿಕೊಂಡ. 'ಎದುರಿನವರನ್ನ ಬಯ್ಯದೆ ನಿಮಗೆ ತಿಂದದ್ದು ಅರಗಲ್ಲ' ಎಂದು ಹೆಂಡತಿ ನಗುತ್ತಿದ್ದಳು. ಇನ್ನು ಯಾರನ್ನು ಬಯ್ಯುವುದು? ತನ್ನ ಅಂಗಡಿಗೆ ಬಂದು, ಬೆಂಚನ್ನು ಬಾಗಿಲಿಗೆ ಅಡ್ಡ ಇಟ್ಟು, ಕೀಲಿಯನ್ನು ಮೇಜಿನ ಮೇಲೆ ಅದರ ಜೊತೆಯ ಪಕ್ಕ ಇಟ್ಟ. ಎದುರಿನವನು ಬಿಸಿಲಲ್ಲಿ ಪೆಚ್ಚಾಗಿ ನಿಂತಿದ್ದ. ಎಷ್ಟಾದರೂ ಬೀಗರು, ನಿಲ್ಲಿಸಬಾರದು ಎಂದು ಬೆಂಚನ್ನು ಎತ್ತಿ ಹೊರಗೆ ತಂದು ನೆರಳಿಗೆ ಹಾಕಿದ.

ಹಿಂದೆ ಗಾಳಿ ಬೀಸಿತು. ಟಕ್.

ಇಬ್ಬರೂ ಬಾಗಿಲನ್ನು ನೋಡಿದರು. ಈಗ ಎರಡು ಕೀಲಿಕೈಯೂ ಒಳಗಿದ್ದವು.

"ಬೇಜಾರು ಮಾಡ್ಕೋಬೇಡಿ ಬೀಗ್ರೇ," ಎಂದು ಎದುರಿನವನು ಹುರುಪಿನಿಂದ ತೋಳು ಮಡಚಿದ. "ನಮ್ಮ ಬೋರ್ಡು ಓದಿದೀರಲ್ಲ," ಎಂದು ಹತಾರಗಳ ಪೆಟ್ಟಿಗೆ ತೆರೆದು ಮಂಡಿಯೂರಿದ.

ಬೀಗದಣ್ಣ ಕಣ್ಣು ಮುಚ್ಚಿ ದೇವರಿಗೆ ಕೈಮುಗಿದ. ಬೀಗ ತೆರೆಯಲಿ ಎಂದು ಬೇಡುವುದೋ, ತೆರೆಯದಿರಲಿ ಎಂದು ಬೇಡುವುದೋ ತಿಳಿಯದೆ, ಟೀ ಬರುವವರೆಗೂ ಹಾಗೇ ಮುಗಿದುಕೊಂಡು ನಿಂತ.