ಮೊದಲು ಇದನ್ನು ಓದಿ

ಹೊಸವರ್ಷದ ಕಾರ್ಡುಗಳ ಮೇಲೆ ಕುಂಚ ಹಿಡಿದು ವಿಳಾಸ ಬರೆಯುವ ಕೆಲಸ ನಲವತ್ತೊಂದು ವರ್ಷಗಳಿಂದ ಸೆತ್ಸುಕೊಳದು. ಈ ಸಲ ಆಕೆಯ ಮಣಿಕಟ್ಟು ನೋಯುತ್ತಿದೆ, ಆದ್ದರಿಂದ ಎಲ್ಲವನ್ನೂ ತಾನೇ ಕಂಪ್ಯೂಟರಿನಲ್ಲಿ ಅಚ್ಚು ಹಾಕುತ್ತೇನೆ ಎಂದು ಗಂಡ ಕುನಿಹಿಕೊ ಡಿಸೆಂಬರ್ ಹದಿಮೂರರ ಬೆಳಿಗ್ಗೆ ಊಟದ ಮೇಜಿನ ಮುಂದೆ ಘೋಷಿಸಿದ. ತೊಯಾಮಾದ ನೀರು ಸರಬರಾಜು ಇಲಾಖೆಯಿಂದ ನಿವೃತ್ತನಾದ ಮೇಲೆ ಆತ ಘೋಷಿಸಿದ ಹನ್ನೊಂದನೆಯ ಯೋಜನೆ ಇದು. (ಮೂರನೆಯ ಯೋಜನೆಯಿಂದಾಗಿ ಸ್ನಾನದ ಮನೆಯ ಬಾಗಿಲು ತೆರೆಯಲು ಈಗಲೂ ಇಬ್ಬರು ಬೇಕು.)

ಸೆತ್ಸುಕೊ ಅವನನ್ನು ಒಂದು ಕ್ಷಣ ದಿಟ್ಟಿಸಿ, "ಮಾಡಿ" ಎಂದಳು. ಇಷ್ಟು ಸುಲಭದ ಒಪ್ಪಿಗೆಯನ್ನು ಆತ ಅನುಮಾನಿಸಬೇಕಿತ್ತು.

ಜನವರಿ ಒಂದರಂದೇ ಕಾರ್ಡುಗಳು ತಲುಪಬೇಕಾದರೆ ಇಪ್ಪತ್ತೈದರೊಳಗೆ ಅಂಚೆಗೆ ಬೀಳಬೇಕು. ಹಳೆಯ ಕಂಪ್ಯೂಟರಿಗೆ ಬೇಸಗೆಯಲ್ಲಷ್ಟೇ, ಆಜ್ಞೆಗಳನ್ನು ಕೈಯಾರೆ ಒತ್ತಬೇಕಾದ ಲಿನಕ್ಸ್ ವ್ಯವಸ್ಥೆ ಹಾಕಿಸಿದ್ದ. ವಿಳಾಸ ಅಚ್ಚು ಹಾಕುವ ತಂತ್ರಾಂಶ ಅಂತರಜಾಲದಿಂದ ಒಂದು ಗಂಟಾಗಿ ಇಳಿಯಿತು. ಗಂಟಿನೊಳಗೆ ಇಪ್ಪತ್ತು ಕಡತಗಳು. ಎಲ್ಲಕ್ಕಿಂತ ಮೇಲಿದ್ದದ್ದರ ಹೆಸರು ‘ಮೊದಲು ಇದನ್ನು ಓದಿ’. ಮೇಜಿನಿಂದ ಮೇಜಿಗೆ ಸುತ್ತಿ ಬರುವ ಕಚೇರಿ ಸುತ್ತೋಲೆಗಳಿಗೆಲ್ಲ ಮೂವತ್ತೆಂಟು ವರ್ಷ ಓದದೆಯೇ, ಸಹಿಯ ಬದಲು, ತನ್ನ ಹೆಸರಿನ ಕೆಂಪು ಮುದ್ರೆ ಒತ್ತಿದ ಮನುಷ್ಯನಿಗೆ, ಆ ಮಾತು ತನಗೆ ಹೇಳಿದ್ದೆಂದು ಅನ್ನಿಸಲಿಲ್ಲ.

ಆಮೇಲೆ ಹತ್ತು ದಿನಗಳ ಮಹಾಸಮರ. ಯಾರೋ ಬರೆದಿಟ್ಟ ಆಜ್ಞೆಗಳನ್ನು ಆತ ನಕಲು ಮಾಡಿದ. ಅಂಥ ಕಡತವೇ ಇಲ್ಲ ಎಂದಿತು ಯಂತ್ರ. ಗಂಟು ಬಿಚ್ಚಿ, ಆ ಫೋಲ್ಡರಿನ ಒಳಹೊಕ್ಕು ಆಜ್ಞೆ ಕೊಡಬೇಕಿತ್ತು. ಈತ ಹೊಸ್ತಿಲಾಚೆ ನಿಂತು ಕೂಗುತ್ತಿದ್ದ. ಪಾಸ್‌ವರ್ಡ್ ಕೇಳಿದಾಗ ಎಷ್ಟು ಒತ್ತಿದರೂ ತೆರೆಯ ಮೇಲೆ ಒಂದು ಚುಕ್ಕೆಯೂ ಮೂಡದ್ದನ್ನು ಕಂಡು, ಕೀಲಿಮಣೆ ಕೆಟ್ಟಿದೆಯೆಂದು ಹೊಸದನ್ನು ಕೊಂಡು ತಂದ. ಅದೂ ಹಾಗೆಯೇ ಕೆಟ್ಟಿತ್ತು.

ಇಪ್ಪತ್ತಮೂರರಂದು, ಉಳಿದ ಹತ್ತೊಂಬತ್ತನ್ನೂ ತೆರೆದು ಸೋತ ಮೇಲೆ, ಮೊದಲನೆಯ ಕಡತ ಓದಿದ. ಐದೇ ಹೆಜ್ಜೆ. ಪಾಸ್‌ವರ್ಡ್ ಒತ್ತುವಾಗ ಏನೂ ಕಾಣುವುದಿಲ್ಲ, ಗಾಬರಿ ಬೇಡ ಎಂದೂ ಅದರಲ್ಲೇ ಇತ್ತು. ನಲವತ್ತು ನಿಮಿಷದಲ್ಲಿ ತಂತ್ರಾಂಶ ಕೂತಿತು. ಮರುದಿನ ಮಧ್ಯಾಹ್ನಕ್ಕೆ ಅರವತ್ತೆರಡು ಕಾರ್ಡುಗಳು ಸಿದ್ಧ.

"ಎದುರಿಗಿಟ್ಟಿದ್ದನ್ನ ಓದ್ಬೇಕು, ಸೆತ್ಸುಕೊ. ಅಷ್ಟೇ ಗುಟ್ಟು," ಎಂದ.

ಆಕೆ ಕೈ ಒರೆಸಿಕೊಂಡು, ಬೀರುವಿನಿಂದ ಒಂದು ಹಾಳೆ ತಂದು ಕಾರ್ಡುಗಳ ಮೇಲಿಟ್ಟಳು. "ಹಾಗಾದ್ರೆ ಇದನ್ನೂ ಓದಿ."

ಅಚ್ಚಿನ ಅಂಗಡಿಯ ಕರಡು ಅದು. ಜೂನ್‌ನಲ್ಲಿ ಸೆತ್ಸುಕೊಳ ಅಣ್ಣ ತೀರಿಕೊಂಡಿದ್ದಾರೆ, ಮನೆಗೆ ವರ್ಷದ ಸೂತಕ, ಆದ್ದರಿಂದ ಈ ಸಲ ಹೊಸವರ್ಷದ ಶುಭಾಶಯ ಕಳಿಸುತ್ತಿಲ್ಲ ಎಂಬ ಒಕ್ಕಣೆ. ಕೆಳಗೆ ಅವನದೇ ಹೆಸರು; ಪಕ್ಕದಲ್ಲಿ, ನವೆಂಬರಿನಲ್ಲಿ ಆಕೆ ಒಪ್ಪಿಗೆ ಕೇಳಿದಾಗ ಅವನೇ ಒತ್ತಿದ ಕೆಂಪು ಮುದ್ರೆ. ಅದೇ ಅರವತ್ತೆರಡು ಮನೆಗಳಿಗೆ ಆ ಪತ್ರ ಹೋಗಿ ಮೂರು ವಾರವಾಗಿತ್ತು.

ಭಾವನ ಅಂತ್ಯಕ್ರಿಯೆಯಲ್ಲಿ ಹೆಂಡತಿಗಿಂತ ಹೆಚ್ಚು ಅತ್ತವನು ಕುನಿಹಿಕೊ. ದುಃಖ ನೆನಪಿತ್ತು, ಅದರ ಹಿಂದೆ ಬರುವ ನಿಯಮವಷ್ಟೇ ಮರೆತುಹೋಗಿತ್ತು. ಆತ ಆ ಮುದ್ರೆಯನ್ನು ಬೆರಳಿನಿಂದ ಒರೆಸಿ ನೋಡಿದ.

"ಹತ್ತು ದಿನ ಸುಮ್ನೆ ನೋಡ್ತಾ ಇದ್ಯಾ?"

"ನನ್ನ ಕೈನೋವಿಗೆ ಅಂತ ಒದ್ದಾಡ್ತಿದ್ರಲ್ಲ. ನಲವತ್ತೊಂದು ವರ್ಷದಲ್ಲಿ ಇದೇ ಮೊದಲು. ನೋಡೋಣ ಅನ್ನಿಸ್ತು ರೀ."

ಸೆತ್ಸುಕೊ ಕಾರ್ಡುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅವನ ಕೈಗಿತ್ತಳು. ಹಾಳಾದ ಕಾರ್ಡುಗಳನ್ನು ಅಂಚೆ ಕಚೇರಿಯಲ್ಲಿ ಬದಲಾಯಿಸಿಕೊಡುತ್ತಾರೆ, ಯಾವ ಸಾಲೆಂದು ಗೋಡೆಯ ಮೇಲೆ ಬರೆದಿರುತ್ತದೆ, ಓದಿ ಎಂದಳು.

"ಗೊತ್ತು, ಗೊತ್ತು," ಎನ್ನುತ್ತ ಆತ ಹೊರಟ. ನೇರವಾಗಿ ಹೋಗಿ ಪಾರ್ಸೆಲ್ಲಿನ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತ.